ರಾಜೌರಿಗೆ ದಾರಿ ಬಿಡಿಸಿದ ಚೆಂಡಿಯಾದ ರಾಣೆ

ಹೋದ ಡಿಸೆಂಬರ್‌ನಲ್ಲಿ ಲ್ಯಾಬ್ ಪರೀಕ್ಷೆ ಮುಗಿದ ಮರುದಿನವೇ ನಾವು ಸಂಘದ ಏಳು ಜನ ಅಪ್ಸರಕೊಂಡಕ್ಕೆ ಹೊರಟೆವು. ನಮ್ಮಲ್ಲೊಬ್ಬನ ಊರು ಅದು. ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿ, ಕಾಸರಕೋಡು ಕಳೆದು, ಹೆದ್ದಾರಿ ಬಿಟ್ಟು ಸಮುದ್ರದ ಕಡೆ ತಿರುಗಿದರೆ ಊರು ಸಿಗುತ್ತೆ. ಅಲ್ಲಿಯ ಜಲಪಾತ, ಅದರ ಬುಡದ ಹೊಂಡ, ಪಾಂಡವರ ಗುಹೆ, ಗುಡ್ಡದ ಮೇಲಿಂದ ಕಾಣುವ ಕಡಲು, ಇದೆಲ್ಲ ಫೋಟೋಗಳಲ್ಲಿ ನೀವು ನೋಡಿಯೇ ಇರುತ್ತೀರಿ. ಹಾಗಾಗಿ ಅದರ ವರ್ಣನೆ ಬೇಡ. ನಾವು ಹೇಳಹೊರಟಿದ್ದು ಆ ಹೊಂಡದ ಪಕ್ಕ ಕೂತು ಅವಲಕ್ಕಿ ತಿನ್ನುವಾಗ ಹುಟ್ಟಿದ ಒಂದು ಜಗಳದ ಬಗ್ಗೆ, ಮತ್ತೆ ಆ ಜಗಳ ನಮ್ಮನ್ನು ಕರ್ಕೊಂಡು ಹೋದ ಒಬ್ಬ ಮನುಷ್ಯನ ಬಗ್ಗೆ.

ಗೆಳೆಯ ತನ್ನ ಆರನೇ ಕ್ಲಾಸಿನ ಕಥೆ ಹೇಳ್ತಿದ್ದ. ನೌಕಾ ದಿನದ ಆಸುಪಾಸು ಇವರ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಕಾರವಾರಕ್ಕೆ ಹಡಗು ತೋರಿಸೋಕೆ ಕರೆದೊಯ್ದಿದ್ದರಂತೆ. ಬಿಳಿ ಸಮವಸ್ತ್ರದವರೊಬ್ಬರು ಎಲ್ಲರಿಗೂ ಬಿಸ್ಕತ್ತಿನ ಪೊಟ್ಟಣ, ಕಾಗದದ ಬಾವುಟ ಕೊಟ್ಟರಂತೆ. ಬಿಸ್ಕತ್ತು ಖಾಲಿಯಾದ ಮೇಲೂ ಆ ಪೊಟ್ಟಣದ ಕಾಗದ ಇವನ ಕಂಪಾಸು ಪೆಟ್ಟಿಗೆಯಲ್ಲಿ ಒಂದು ವರ್ಷ ಇತ್ತಂತೆ. ಇಷ್ಟು ಕೇಳಿದ್ದೇ ನಮ್ಮಲ್ಲೊಬ್ಬ ತಗಾದೆ ತೆಗೆದ. ಸೈನಿಕರು ಹಬ್ಬದ ದಿನ ಬಡ ಮಕ್ಕಳನ್ನು ಕೂರಿಸಿ ಕೇಕು ಕತ್ತರಿಸೋದು, ಮಿಠಾಯಿ ಹಂಚೋದು ಎಲ್ಲ ಫೋಟೋಕ್ಕೆ, ಅದರಿಂದ ಯಾರ ಹೊಟ್ಟೆಯೂ ತುಂಬಲ್ಲ ಅಂತ ಅವನ ವಾದ. ಇನ್ನೊಬ್ಬಳು, ಆ ಕಾಗದ ಒಂದು ವರ್ಷ ಯಾಕೆ ಪೆಟ್ಟಿಗೆಯಲ್ಲಿತ್ತು ಅನ್ನೋದಕ್ಕೆ ಮೊದಲು ಉತ್ತರ ಹೇಳು ಅಂತ ಅವನ ಮೇಲೆ ಬಿದ್ದಳು.

ಮಾತು ಬೆಳೀತಾ ಬೆಳೀತಾ, ಕಾರವಾರದ ಕಡಲ ತೀರದಲ್ಲಿ ಸೈನಿಕನೊಬ್ಬನ ಪ್ರತಿಮೆ ಇದೆಯಲ್ಲ, ಅದು ಯಾರದ್ದು ಅಂತ ಯಾರೋ ಕೇಳಿದರು. ಏಳು ಜನ ಭಾವಿ ಇಂಜಿನಿಯರುಗಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಉತ್ತರ ಕನ್ನಡದವನಿಗೂ ಗೊತ್ತಿಲ್ಲ! ಹೆಸರು ಫೋನಿನಲ್ಲಿ ಸಿಕ್ಕಿತು: ರಾಮ ರಾಘೋಬ ರಾಣೆ. ಉಳಿದದ್ದನ್ನು ವಾಪಸ್ ಬಂದ ಮೇಲೆ ಓದಿ ತಿಳಿದೆವು. ಓದಿದ ಮೇಲೆ ಇನ್ನೊಂದು ನಾಚಿಕೆಯೂ ಆಯ್ತು, ಯಾಕಂದ್ರೆ ಅವರು ಸೇನೆಯ ಇಂಜಿನಿಯರಿಂಗ್ ವಿಭಾಗದವರು. ನಮ್ಮ ಜಾತಿಯವರೇ ಅನ್ನಬಹುದು.

ರಾಣೆಯವರು ಹುಟ್ಟಿದ್ದು 1918ರ ಜೂನ್ 26ರಂದು, ಕಾರವಾರದ ಹತ್ತಿರದ ಚೆಂಡಿಯಾದಲ್ಲಿ. ಕೊಂಕಣಿ, ಮರಾಠಿ, ಕನ್ನಡ ಮೂರೂ ಕಿವಿಗೆ ಬೀಳುವ ಊರು. ತಂದೆ ಪೊಲೀಸ್ ಪೇದೆ. ಪೇದೆಯ ಮಗನ ಓದು ಹೇಗಿರುತ್ತೆ ಅಂತ ಪೊಲೀಸ್ ಕ್ವಾರ್ಟರ್ಸಿನಲ್ಲಿ ಬೆಳೆದ ನಮ್ಮ ಗೆಳತಿಯೊಬ್ಬಳಿಗೆ ಚೆನ್ನಾಗಿ ಗೊತ್ತು. ವರ್ಗವಾದಾಗಲೆಲ್ಲ ಹೊಸ ಶಾಲೆ, ಹೊಸ ಬೆಂಚು, ಅರ್ಧಕ್ಕೆ ನಿಂತ ಪಾಠ. ರಾಣೆಯವರದ್ದೂ ಅದೇ ಪಾಡು. 1930ರಲ್ಲಿ ಹುಡುಗನಿಗೆ 12 ವರ್ಷ. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ ಅದು. ಗಾಂಧೀಜಿಯ ಚಳವಳಿಯ ಗಾಳಿ ಈ ಹುಡುಗನಿಗೂ ಬಡಿಯಿತು. ಸರ್ಕಾರದ ಸಮವಸ್ತ್ರ ಹಾಕಿದ ಅಪ್ಪನಿಗೆ ಗಾಬರಿಯಾಗದೆ ಇರುತ್ತದೆಯೇ? ಸಂಸಾರವನ್ನು ಚೆಂಡಿಯಾಕ್ಕೇ ವಾಪಸ್ ಕಳಿಸಿಬಿಟ್ಟರು. ಬ್ರಿಟಿಷ್ ಸರ್ಕಾರದ ವಿರುದ್ಧ ಹೊರಟಿದ್ದ ಅದೇ ಹುಡುಗ ಹತ್ತು ವರ್ಷದ ನಂತರ ಅದೇ ಸರ್ಕಾರದ ಸೇನೆಗೆ ಸೇರಿದ. ಇದನ್ನು ವಿಚಿತ್ರ ಅನ್ನುವವರು ಅನ್ನಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕರಾವಳಿಯ ಎಷ್ಟೋ ಮನೆಗಳಲ್ಲಿ ನಡೆದದ್ದು ಇದೇ.

ಸೇರಿದ್ದು 1940ರ ಜುಲೈ 10ರಂದು, ಬಾಂಬೆ ಇಂಜಿನಿಯರ್ಸ್‌ಗೆ. ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಇದ್ದರೂ ಕಾರವಾರದ ಹುಡುಗ ಪುಣೆಯ ಖಡ್ಕಿಗೆ ಯಾಕೆ ಹೋದ ಅಂತ ನಮಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು: 1956ರವರೆಗೆ ನಮ್ಮ ಉತ್ತರ ಕನ್ನಡ ಮುಂಬೈಗೆ ಸೇರಿತ್ತು. ಸ್ಯಾಪರ್ ಅಂದರೆ ಸೇನೆಗೆ ದಾರಿ ಮಾಡುವವನು. ಸೇತುವೆ ಕಟ್ಟೋದು, ಬೇಕಾದಾಗ ಒಡೆಯೋದು, ರಸ್ತೆ ಹಾಕೋದು, ಶತ್ರು ಹೂತ ನೆಲಬಾಂಬುಗಳನ್ನು ಕೀಳೋದು ಅವನ ಕೆಲಸ. ಗುಂಡು ಹಾರಿಸೋದು ಆಮೇಲಿನ ಮಾತು. ತರಬೇತಿಯಲ್ಲಿ ರಾಣೆಯವರೇ ಬ್ಯಾಚಿನ ಅತ್ಯುತ್ತಮ ರಿಕ್ರೂಟ್ ಅನ್ನಿಸಿಕೊಂಡು ಕಮಾಂಡೆಂಟರ ಬೆತ್ತ ಬಹುಮಾನ ಪಡೆದರು. ಅರ್ಧಂಬರ್ಧ ಶಾಲೆ ಕಂಡ ಹುಡುಗ ಕೊನೆಗೂ ಒಂದು ಕಡೆ ನೆಟ್ಟಗೆ ಕಲಿತ ಅನ್ನಿ.

ಅಲ್ಲಿಂದ ಬರ್ಮಾ. 26ನೇ ಇನ್‌ಫೆಂಟ್ರಿ ಡಿವಿಷನ್ನಿನ 28ನೇ ಫೀಲ್ಡ್ ಕಂಪನಿಯಲ್ಲಿ ಜಪಾನೀಯರ ವಿರುದ್ಧ ಹೋರಾಟ. ಬುಥಿಡಾಂಗ್‌ನಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗೋಕಾಗಲ್ಲ. ಸೇನೆ ಹಿಂದೆ ಸರಿಯುವಾಗ ಮದ್ದುಗುಂಡಿನ ದಾಸ್ತಾನು ಶತ್ರುವಿಗೆ ಸಿಗಬಾರದು ಅಂತ ಅದನ್ನು ನಾಶ ಮಾಡಲು ಎರಡು ಸೆಕ್ಷನ್ ಜೊತೆ ರಾಣೆಯವರನ್ನು ಹಿಂದೆ ಬಿಟ್ಟರು. ಕೆಲಸ ಮುಗಿದ ಮೇಲೆ ನೌಕಾಪಡೆಯ ಹಡಗು ಬಂದು ಎತ್ತಿಕೊಂಡು ಹೋಗುತ್ತೆ ಅನ್ನೋದು ಯೋಜನೆ. ದಾಸ್ತಾನು ನಾಶವಾಯ್ತು, ಹಡಗು ಬರಲಿಲ್ಲ. ಜಪಾನೀ ಗಸ್ತು ಓಡಾಡುತ್ತಿದ್ದ ಹೊಳೆಯನ್ನು ಈ ಗುಂಪು ತಾನೇ ದಾಟಿ ತನ್ನ ಡಿವಿಷನ್ ಸೇರಿಕೊಂಡಿತು. ಶರಾವತಿಯನ್ನು ಸೇತುವೆ ಮೇಲಿಂದ ನೋಡಿಯೇ ಹೆದರುವ ನಮಗೆ, ಕತ್ತಲಲ್ಲಿ, ಗುಂಡಿನ ಭಯದಲ್ಲಿ ಹೊಳೆ ದಾಟೋದು ಹೇಗಿರುತ್ತೆ ಅಂತ ಊಹೆಗೂ ಸಿಗದು. ಆ ಕೆಲಸದ ನಂತರ ಅವರಿಗೆ ಹವಾಲ್ದಾರ್ ಪದವಿ ಸಿಕ್ಕಿತು. 1947ರ ಡಿಸೆಂಬರ್ 15ರಂದು ಸೆಕೆಂಡ್ ಲೆಫ್ಟಿನೆಂಟ್ ಆಗಿ ಅಧಿಕಾರಿಗಳ ಸಾಲಿಗೆ ಬಂದರು. ಸಾಮಾನ್ಯ ಸಿಪಾಯಿಯಾಗಿ ಸೇರಿದವರು ಅಧಿಕಾರಿಯಾಗೋದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ.

ಈಗ ಸ್ವಲ್ಪ ರಾಜೌರಿಯ ಕಥೆ. ಜಮ್ಮು ಸೀಮೆಯ ಬೆಟ್ಟಗಳ ನಡುವಿನ ಊರು ಅದು. 1947ರ ನವೆಂಬರ್‌ನಲ್ಲಿ, ಸರಿಯಾಗಿ ದೀಪಾವಳಿಯ ಹೊತ್ತಿಗೆ, ಗಡಿಯಾಚೆಯಿಂದ ಬಂದ ದಾಳಿಕೋರರ ಕೈಗೆ ಊರು ಬಿತ್ತು. ಸುತ್ತಲಿನ ಹಳ್ಳಿಗಳಿಂದ ಜೀವ ಉಳಿಸಿಕೊಳ್ಳಲು ಓಡಿಬಂದು ಅಲ್ಲಿ ಸೇರಿದ್ದ ಜನರೂ ಸಿಕ್ಕಿಹಾಕಿಕೊಂಡರು. ಆಮೇಲೆ ನಡೆದದ್ದನ್ನು ವಿವರವಾಗಿ ಬರೆಯೋಕೆ ನಮಗೆ ಮನಸ್ಸಿಲ್ಲ. ಹೆಂಗಸರು, ಮಕ್ಕಳು ಅಂತ ನೋಡದ ಕೊಲೆ ಅದು. ಅಲ್ಲಿಯ ಹಳೆಯ ಕುಟುಂಬಗಳಿಗೆ ದೀಪಾವಳಿ ಅಂದರೆ ಇವತ್ತಿಗೂ ಸತ್ತವರನ್ನು ನೆನೆಯುವ ದಿನ. ಉಳಿದವರು ಬೆಟ್ಟ ಹತ್ತಿದರು, ಇಲ್ಲವೇ ಊರೊಳಗೇ ಐದು ತಿಂಗಳು ಭಯದಲ್ಲಿ ಬದುಕಿದರು. ಆ ಐದು ತಿಂಗಳಲ್ಲಿ ಸಂಕ್ರಾಂತಿ ಬಂದು ಹೋಯ್ತು, ಶಿವರಾತ್ರಿ ಬಂದು ಹೋಯ್ತು, ಹೋಳಿಯೂ ಹೋಯ್ತು.

1948ರ ಮಾರ್ಚ್‌ನಲ್ಲಿ ನಮ್ಮ ಸೇನೆ ಝಂಗರ್ ಮರಳಿ ಗೆದ್ದಿತು. ಮುಂದಿನ ಗುರಿ ನೌಶೇರಾದಿಂದ ರಾಜೌರಿ. ದೂರ ಹೆಚ್ಚೇನಲ್ಲ, ಸುಮಾರು 50 ಕಿಲೋಮೀಟರ್. ಅಪ್ಸರಕೊಂಡದಿಂದ ಹೊರಟರೆ ಹೊನ್ನಾವರ, ಕುಮಟಾ ದಾಟಿ ಅಂಕೋಲೆ ಇನ್ನೂ ಸ್ವಲ್ಪ ದೂರ ಇದೆ ಅನ್ನುವಷ್ಟು. ಬಸ್ಸಿಗೆ ಒಂದೂವರೆ ಗಂಟೆ. ಆದರೆ ಆ ದಾರಿಯ ತುಂಬಾ ನೆಲಬಾಂಬು, ಉರುಳಿಸಿದ ಪೈನ್ ಮರ, ಒಡೆದ ಮೋರಿ. ಎರಡೂ ಕಡೆ ಗುಡ್ಡದ ಮೇಲೆ ಮಷಿನ್‌ಗನ್ ಹಿಡಿದು ಕೂತ ಶತ್ರು. ದಾರಿ ಬಿಡಿಸದೆ ಟ್ಯಾಂಕು ಒಂದಡಿ ಮುಂದೆ ಹೋಗುವಂತಿಲ್ಲ.

ಏಪ್ರಿಲ್ 8ರಂದು 4ನೇ ಡೋಗ್ರಾ ಪಡೆ ನೌಶೇರಾದ ಉತ್ತರಕ್ಕೆ 11 ಕಿಲೋಮೀಟರ್ ದೂರದ ಬರವಾಲಿ ಗುಡ್ಡ ಹಿಡಿಯಿತು. ಅದರಾಚೆ ರಸ್ತೆ ತೆರವು ಮಾಡುವ ಜವಾಬ್ದಾರಿ 37ನೇ ಅಸಾಲ್ಟ್ ಫೀಲ್ಡ್ ಕಂಪನಿಯ ಒಂದು ತುಕಡಿಯದು. ಅದರ ಮುಖ್ಯಸ್ಥ ರಾಣೆ, ವಯಸ್ಸು 29. ಕೆಲಸ ಶುರು ಮಾಡಿದ ಸ್ವಲ್ಪ ಹೊತ್ತಿಗೇ ಮಾರ್ಟರ್ ಗುಂಡುಗಳು ಬಂದು ಬಿದ್ದವು. ಇಬ್ಬರು ಸ್ಯಾಪರ್‌ಗಳು ಸತ್ತರು, ಐವರಿಗೆ ಗಾಯ. ಆ ಐವರಲ್ಲಿ ರಾಣೆಯೂ ಒಬ್ಬರು. ಅವತ್ತೇ ಅವರು ಹಿಂದಕ್ಕೆ ಹೋಗಿ ಆಸ್ಪತ್ರೆಯಲ್ಲಿ ಮಲಗಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಹೋಗಲಿಲ್ಲ. ಉಳಿದವರನ್ನು ಸೇರಿಸಿಕೊಂಡು ಸಂಜೆಯೊಳಗೆ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು.

ನಮ್ಮ ತರಗತಿಯ ಎಲ್ಲರಿಗೂ ಹೇಳಿ ಹೇಳಿ ಬಾಯಿ ನೋಯಿಸಿಕೊಂಡ ವಿಷಯ ಒಂದಿದೆ. ಗುಂಡು ಸುರಿಯುವಾಗ ಬಯಲಲ್ಲಿ ಕೂತು ನೆಲಬಾಂಬು ಹುಡುಕೋಕೆ ಆಗಲ್ಲವಲ್ಲ? ರಾಣೆ ಟ್ಯಾಂಕಿನ ಹೊಟ್ಟೆಯ ಕೆಳಗೇ ತೂರಿಕೊಂಡರು. ಎರಡೂ ಪಕ್ಕದಲ್ಲಿ ಉರುಳುವ ಕಬ್ಬಿಣದ ಪಟ್ಟಿ, ಮೇಲೆ ಹತ್ತು ಟನ್ನಿಗೂ ಹೆಚ್ಚು ಭಾರ. ಆ ಕಾಲದ ಹಗುರ ಟ್ಯಾಂಕಿನ ತಳಕ್ಕೂ ನೆಲಕ್ಕೂ ನಡುವೆ ಇದ್ದದ್ದು ಒಂದೂವರೆ ಅಡಿಯ ಆಸುಪಾಸು. ಬೇಕಿದ್ದರೆ ನಿಮ್ಮ ಹಾಸ್ಟೆಲ್ ಮಂಚದ ಕೆಳಗೆ ಒಮ್ಮೆ ತೆವಳಿ ನೋಡಿ, ಅಂದಾಜು ಸಿಗುತ್ತೆ. ಟ್ಯಾಂಕು ಯಾವಾಗ ಮುಂದೆ ಹೋಗಬೇಕು, ಯಾವಾಗ ನಿಲ್ಲಬೇಕು ಅಂತ ಡ್ರೈವರಿಗೆ ತಿಳಿಸೋದು ಹೇಗೆ? ಎಂಜಿನ್ನಿನ ಸದ್ದಿನಲ್ಲಿ ಕೂಗಿದರೆ ಕೇಳಲ್ಲ. ಎರಡು ಹಗ್ಗ. ಒಂದನ್ನು ಎಳೆದರೆ ನಿಲ್ಲು, ಇನ್ನೊಂದನ್ನು ಎಳೆದರೆ ನಡೆ. ಹೀಗೆ ತೆವಳುತ್ತಾ, ಬಾಂಬು ಕೀಳುತ್ತಾ, ಹಗ್ಗ ಎಳೆಯುತ್ತಾ ದಾರಿ ಸಾಗಿತು. ಸಿಗ್ನಲ್ ವಿಷಯದಲ್ಲಿ ಎರಡು ಸೆಮಿಸ್ಟರ್ ಓದಿದ ನಮ್ಮ ಎಲೆಕ್ಟ್ರಾನಿಕ್ಸ್ ಗೆಳೆಯ ಇದನ್ನು ಕೇಳಿ ತುಂಬಾ ಹೊತ್ತು ಮಾತಾಡಲಿಲ್ಲ.

9ರಂದು ಹನ್ನೆರಡು ತಾಸು ಬಿಡದೆ ಕೆಲಸ. ರಸ್ತೆ ಸರಿಯಾಗದ ಕಡೆ ಪಕ್ಕದಲ್ಲಿ ಹೊಸ ದಾರಿ ಕೊರೆದು ಟ್ಯಾಂಕು ದಾಟಿಸಿದರು. 10ರ ಬೆಳಗ್ಗೆ ಹಿಂದಿನ ರಾತ್ರಿ ತೆಗೆಯಲಾಗದ ತಡೆಯನ್ನು ಎರಡೇ ತಾಸಿನಲ್ಲಿ ತೆಗೆದರು. ಐದು ಪೈನ್ ಮರ ಅಡ್ಡ ಬಿದ್ದಿದ್ದ ತಡೆ ಅದು. ಸುತ್ತ ನೆಲಬಾಂಬು, ಮೇಲಿಂದ ಮಷಿನ್‌ಗನ್. ಅವತ್ತು ಪಡೆ 13 ಕಿಲೋಮೀಟರ್ ಮುಂದೆ ಹೋಯಿತು. ಮುಂದಿನ ತಡೆಯ ಹತ್ತಿರಕ್ಕೆ ಬೇರೆ ಯಾರೂ ಹೋಗುವ ಹಾಗಿರಲಿಲ್ಲ, ಗುಂಡು ಅಷ್ಟು ದಟ್ಟ. ರಾಣೆ ಟ್ಯಾಂಕಿನೊಳಗೆ ಕೂತು ಅಲ್ಲಿಯವರೆಗೆ ಹೋಗಿ, ಇಳಿದು, ಟ್ಯಾಂಕಿನ ಮರೆಯಲ್ಲೇ ಸ್ಫೋಟಕ ಇಟ್ಟು ಕತ್ತಲಾಗುವುದರೊಳಗೆ ಅದನ್ನು ಹಾರಿಸಿದರು. 11ರಂದು ಹದಿನೇಳು ತಾಸು. ಚಿಂಗಸ್‌ವರೆಗೆ ರಸ್ತೆ ತೆರೆಯಿತು. ಮೊಘಲರ ಕಾಲದ ಹಳೆಯ ಸರಾಯಿ ಇರುವ ಜಾಗ ಅದು. ಕಾಶ್ಮೀರದಿಂದ ಮರಳುವಾಗ ತೀರಿಕೊಂಡ ಜಹಾಂಗೀರನ ಕರುಳನ್ನು ಅಲ್ಲಿ ಹೂತರು ಅನ್ನುವ ಕಥೆಯಿಂದ ಹೆಸರಾದ ಊರು. ಇತಿಹಾಸದ ಗೆಳೆಯರಿಗೆ ಇದು ಬೇರೆ ಲೇಖನಕ್ಕೆ ವಸ್ತು.

ಗಾಯವಾದ ದೇಹ, ನಾಲ್ಕು ದಿನ, ನಿದ್ದೆ ಲೆಕ್ಕಕ್ಕೇ ಇಲ್ಲ. 12ರಂದು ನಮ್ಮ ಪಡೆ ರಾಜೌರಿ ಸೇರಿತು. ದಾಳಿಕೋರರು ಹೋಗುವ ಮುಂಚೆ ಊರನ್ನು ಹಾಳು ಮಾಡಿದ್ದರು. ಹೆಣ ತುಂಬಿದ ಗುಂಡಿಗಳನ್ನು ನಮ್ಮ ಸೈನಿಕರು ಕಂಡರು. ಆದರೂ ಎಷ್ಟೋ ಜನ ಬದುಕಿ ಉಳಿದಿದ್ದರು. ಈ ರಸ್ತೆ ಅಷ್ಟು ಬೇಗ ತೆರೆಯದಿದ್ದರೆ ಚಿಂಗಸ್ ಮತ್ತು ರಾಜೌರಿಯ ಜನ ಉಳಿಯುತ್ತಿರಲಿಲ್ಲ ಅನ್ನೋದನ್ನು ರಾಣೆಯವರಿಗೆ ಪದಕ ಕೊಟ್ಟಾಗಲೂ ಲೆಕ್ಕಕ್ಕೆ ಹಿಡಿದರು. ಬೆಟ್ಟದಲ್ಲಿ ಅವಿತವರು ಮಕ್ಕಳನ್ನು ಎತ್ತಿಕೊಂಡು ಒಬ್ಬೊಬ್ಬರಾಗಿ ಇಳಿದು ಬಂದರು. ಮರುದಿನ ಏಪ್ರಿಲ್ 13, ಬೈಸಾಖಿ. ದೀಪಾವಳಿಗೆ ಹೋದ ಊರು ಬೈಸಾಖಿಗೆ ವಾಪಸ್ ಬಂತು.

ನಾವು ಈ ಎರಡು ತಾರೀಖನ್ನು ಪಕ್ಕ ಪಕ್ಕ ಬರೆದಾಗಲೇ ಹೊಂಡದ ಪಕ್ಕದ ನಮ್ಮ ಜಗಳ ನೆನಪಾಗಿದ್ದು. ಇವತ್ತಿಗೂ ರಾಜೌರಿಯಲ್ಲಿ ಏಪ್ರಿಲ್ 13ನ್ನು ರಾಜೌರಿ ದಿನ ಅಂತ ಸೇನೆ ಮತ್ತು ಊರಿನವರು ಕೂಡಿ ಆಚರಿಸುತ್ತಾರೆ. 1998ರಲ್ಲಿ ಶುರುವಾದ ಸದ್ಭಾವನಾ ಯೋಜನೆಯಡಿ ಜಮ್ಮು ಕಾಶ್ಮೀರದಲ್ಲಿ ಸೇನೆ ಶಾಲೆ ನಡೆಸುತ್ತೆ. ರಾಜೌರಿಯಲ್ಲೂ ಅಂಥ ಶಾಲೆ ಇದೆ. ಗಡಿ ಹಳ್ಳಿಗಳ ಮಕ್ಕಳನ್ನು ದೇಶ ನೋಡಲು ಪ್ರವಾಸ ಕರೆದೊಯ್ಯುತ್ತೆ. ಈದ್, ದೀಪಾವಳಿಗಳಲ್ಲಿ ಹಳ್ಳಿಯ ಮಕ್ಕಳ ಜೊತೆ ಜವಾನರು ಸಿಹಿ ಹಂಚಿಕೊಳ್ಳುತ್ತಾರೆ. ಬೇರೆ ದೇಶಗಳಲ್ಲೂ ಇದು ಇದ್ದದ್ದೇ. ಕೊರಿಯಾ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ತಮ್ಮ ಸಂಬಳದ ದುಡ್ಡು ಸೇರಿಸಿ ಅಲ್ಲಿಯ ಅನಾಥ ಮಕ್ಕಳಿಗೆ ಕ್ರಿಸ್‌ಮಸ್ ಊಟ ಹಾಕುತ್ತಿದ್ದರು.

ತಗಾದೆ ತೆಗೆದ ಗೆಳೆಯ ಪೂರ್ತಿ ಸೋತ ಅಂತ ಹೇಳಲ್ಲ. ಕ್ಯಾಮೆರಾ ಇಲ್ಲದಿದ್ದರೂ ಆ ಮಿಠಾಯಿ ಹಂಚುತ್ತಾರಾ ಅನ್ನುವ ಅವನ ಪ್ರಶ್ನೆ ಈಗಲೂ ಇದೆ, ಇರಲಿ. ಮಿಠಾಯಿ ಶಾಲೆಯ ಛಾವಣಿ ಸೋರೋದನ್ನು ನಿಲ್ಲಿಸಲ್ಲ ಅನ್ನೋದೂ ನಿಜ. ಆದರೆ ಬಂದೂಕು ಹಿಡಿದವರು ಬಂದರೆ ಓಡಬೇಕು ಅಂತ ಐದು ತಿಂಗಳು ಕಲಿತ ಮಗುವಿಗೆ, ಬಂದೂಕು ಹಿಡಿದ ಇನ್ನೊಬ್ಬ ಬಂದು ಪಕ್ಕದಲ್ಲಿ ಕೂತು ತಿನ್ನಲು ಏನಾದರೂ ಕೊಟ್ಟರೆ ಅದು ಬರೀ ಮಿಠಾಯಿ ಅಲ್ಲ ಅಂತ ನಮಗನಿಸುತ್ತೆ. ಅಲ್ಲಿಗೆ ಮಿಠಾಯಿ ಮುಟ್ಟಬೇಕಾದರೆ ಮೊದಲು ಯಾರೋ ಟ್ಯಾಂಕಿನ ಕೆಳಗೆ ತೆವಳಿರಬೇಕು. ರಾಣೆಯವರ ಫೋಟೋ ಆ ನಾಲ್ಕು ದಿನದಲ್ಲಿ ಯಾರು ತೆಗೆಯೋಕಾಗುತ್ತಿತ್ತು? ಇಲ್ಲಿ ಅವನೂ ಸುಮ್ಮನಾದ.

ಪರಮವೀರ ಚಕ್ರ ಸ್ಥಾಪನೆಯಾದದ್ದು 1950ರ ಜನವರಿ 26ರಂದು. ಅದೇ ವರ್ಷ ರಾಣೆಯವರಿಗೆ ಅದು ಘೋಷಣೆಯಾಯಿತು. ಇಲ್ಲಿಯವರೆಗೆ ಈ ಪದಕ ಬಂದಿರೋದು 21 ಜನಕ್ಕೆ, ಅವರಲ್ಲಿ 14 ಜನಕ್ಕೆ ಮರಣದ ನಂತರ. 1947-48ರ ಯುದ್ಧದ ಐವರಲ್ಲಿ ಬದುಕಿದ್ದು ಪಡೆದವರು ರಾಣೆ ಮತ್ತು ಕರಂ ಸಿಂಗ್ ಇಬ್ಬರೇ. ಈಗಿನ ಕರ್ನಾಟಕದ ನೆಲದಲ್ಲಿ ಹುಟ್ಟಿದವರಲ್ಲಿ ಈ ಪದಕ ರಾಣೆಯವರೊಬ್ಬರಿಗೇ ಬಂದಿದೆ. ಇದನ್ನು ಯಾವ ಕ್ವಿಜ್ಜಿನಲ್ಲೂ ನಮಗೆ ಕೇಳಿರಲಿಲ್ಲ. ಕೇಳಿದ್ದರೆ ಅಂಕ ಹೋಗುತ್ತಿತ್ತು, ಆ ಮಾತು ಬೇರೆ.

ಆಮೇಲಿನ ಬದುಕು ಸದ್ದಿಲ್ಲದ್ದು. ಯುದ್ಧ ವರದಿಗಳಲ್ಲಿ ಐದು ಬಾರಿ ಅವರ ಹೆಸರು ವಿಶೇಷ ಉಲ್ಲೇಖ ಪಡೆಯಿತು. 1958ರಲ್ಲಿ ಮೇಜರ್ ಆಗಿ ನಿವೃತ್ತರಾದರೂ ಸೇನೆ ಅವರನ್ನು ಬಿಡಲಿಲ್ಲ, ಮತ್ತೆ ಕೆಲಸಕ್ಕೆ ತೆಗೆದುಕೊಂಡಿತು. 1971ರ ಏಪ್ರಿಲ್ 7ರವರೆಗೆ ದುಡಿದರು. ಅಂದರೆ ಬರವಾಲಿಯ ಆ ದಿನಕ್ಕೆ 23 ವರ್ಷ ತುಂಬಲು ಇನ್ನೊಂದೇ ದಿನ ಬಾಕಿ. ಮದುವೆ, ಮಕ್ಕಳು, ಪುಣೆಯಲ್ಲಿ ಸಂಸಾರ. 1994ರ ಜುಲೈ 11ರಂದು ಪುಣೆಯಲ್ಲೇ ತೀರಿಕೊಂಡರು. ಆಗ ವಯಸ್ಸು 76.

ಬದುಕಿದ್ದಾಗಲೇ, 1984ರಲ್ಲಿ, ಭಾರತೀಯ ಹಡಗು ನಿಗಮದ ತೈಲ ಹಡಗೊಂದು ಅವರ ಹೆಸರು ಹೊತ್ತು ಸಮುದ್ರಕ್ಕಿಳಿಯಿತು. ಬುಥಿಡಾಂಗ್‌ನಲ್ಲಿ ಬಾರದ ಹಡಗಿನ ನೆನಪು ನಮಗೆ ಬಂತು, ಅವರಿಗೂ ಬಂದಿರಬಹುದೇನೋ. ಕಾರವಾರದ ತೀರದಲ್ಲಿ ಪ್ರತಿಮೆ 2006ರಲ್ಲಿ ಬಂತು. 2023ರ ಜನವರಿಯಲ್ಲಿ ಅಂಡಮಾನಿನ ಒಂದು ದ್ವೀಪಕ್ಕೂ ಅವರ ಹೆಸರಿಟ್ಟರು. ಅವರು ಹುಟ್ಟಿದ ಚೆಂಡಿಯಾದ ಮಗ್ಗುಲಲ್ಲೇ ಈಗ ಸೀಬರ್ಡ್ ನೌಕಾನೆಲೆ ಇದೆ. ಅದಕ್ಕಾಗಿ ಆ ಸಾಲಿನ ಹಳ್ಳಿಗಳ ಎಷ್ಟೋ ಮನೆಗಳವರು ಗದ್ದೆ, ತೋಟ, ಮೀನು ಹಿಡಿಯುವ ದಂಡೆ ಬಿಟ್ಟು ಎದ್ದು ಹೋದರು. ಪರಿಹಾರಕ್ಕೆ ವರ್ಷಗಟ್ಟಲೆ ಅಲೆದರು. ಸೇನೆಗೂ ಊರಿಗೂ ಇರುವ ಕೊಡುಕೊಳ್ಳುವಿಕೆಯ ಲೆಕ್ಕದಲ್ಲಿ ಇದನ್ನೂ ಬರೆಯಬೇಕು ಅಂತ ನಮ್ಮ ಗೆಳೆಯ ಹಟ ಹಿಡಿದ, ಬರೆದಿದ್ದೇವೆ.

ಮೊನ್ನೆ ಜನವರಿಯಲ್ಲಿ ಮತ್ತೆ ಆ ಕಡೆ ಹೋದೆವು. ಈ ಸಲ ಅಪ್ಸರಕೊಂಡದಲ್ಲಿ ಒಂದು ರಾತ್ರಿ ಉಳಿದು, ಬೆಳಗ್ಗೆ ಬೇಗ ಬಸ್ ಹತ್ತಿ ಸೀದಾ ಕಾರವಾರಕ್ಕೆ. ಪ್ರತಿಮೆಯ ಹತ್ತಿರದಲ್ಲೇ ಚಪಲ್ ಅನ್ನುವ ಹಳೆಯ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಯಾವುದೋ ಸರ್ಕಾರಿ ಶಾಲೆಯ ಮಕ್ಕಳು ಸಾಲಾಗಿ ಅದನ್ನು ಹತ್ತಿ ಇಳಿಯುತ್ತಿದ್ದರು. ಇಳಿದವರು ಪ್ರತಿಮೆಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದರು. ಇದು ಯಾರು ಗೊತ್ತಾ ಅಂತ ಒಬ್ಬ ಹುಡುಗನನ್ನು ಕೇಳಿದೆವು. ಗೊತ್ತಿಲ್ಲ ಅಂತ ತಲೆ ಆಡಿಸಿದ. ನಮ್ಮ ಗೆಳೆಯ ಅವನ ಪಕ್ಕ ಕೂತು, ಚಪ್ಪಲಿ ಬಿಟ್ಟು, ಎರಡು ಹಗ್ಗದ ಕಥೆ ಶುರು ಮಾಡಿದ. ಅರ್ಧ ಹೇಳುವಷ್ಟರಲ್ಲಿ ಸುತ್ತ ಹತ್ತು ಹನ್ನೆರಡು ಮಕ್ಕಳು ಸೇರಿದ್ದರು, ಮೇಷ್ಟ್ರು ಬಸ್ಸಿನ ಹತ್ತಿರ ನಿಂತು ಸೀಟಿ ಊದುತ್ತಿದ್ದರು.